ಆಫೀಸ್ ನೆಟ್‌ವರ್ಕಿಗೆ ಯಾವ ಜೋಡಣೆ? ಸ್ಟಾರ್, ಸರಪಳಿ, ರಿಂಗ್, ಮೆಶ್: ಕರಾವಳಿಯ ಲೆಕ್ಕದಲ್ಲಿ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆಯ ಹೆಚ್ಚಿನ ಆಫೀಸುಗಳಿಗೆ ಸ್ಟಾರ್ ಜೋಡಣೆಯೇ ಸರಿ. ನಡುವೆ ಒಂದು ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬ), ಅಲ್ಲಿಂದ ಪ್ರತಿ ಟೇಬಲ್ಲಿಗೂ ಅದರದ್ದೇ ಒಂದು ಕೇಬಲ್. ಅಷ್ಟು ಗೊತ್ತಾದರೆ ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ "ನಮ್ಮದು ಸ್ಟಾರೇ ಮಾರಾಯ್ರೆ" ಎನ್ನುವ ಆಫೀಸಿಗೆ ಹೋಗಿ ಕ್ಯಾಶ್ ಕೌಂಟರಿನ ಅಡಿಗೆ ಬಗ್ಗಿ ನೋಡಿದರೆ ಕತೆ ಬೇರೆ ಇರುತ್ತದೆ. ಅಲ್ಲೊಂದು 5 ಪೋರ್ಟಿನ ಸ್ವಿಚ್. ಅದರಿಂದ ಹೊರಟ ಕೇಬಲ್ ಗೋದಾಮಿನ 8 ಪೋರ್ಟಿನ ಸ್ವಿಚ್ಚಿಗೆ. ಅಲ್ಲಿಂದ ಮಾಳಿಗೆಯ ಇನ್ನೊಂದಕ್ಕೆ. ಇದು ಸರಪಳಿ. ಯಾರೂ ಕೂತು ಆರಿಸಿದ್ದಲ್ಲ, ಒಬ್ಬೊಬ್ಬ ನೌಕರ ಸೇರಿದ ಹಾಗೆ ತನ್ನಷ್ಟಕ್ಕೆ ಬೆಳೆದದ್ದು.

ಹಾಗಾಗಿ ಹೋಲಿಸುವಾಗ ಪಠ್ಯಪುಸ್ತಕದ ಚಿತ್ರ ಬದಿಗಿಟ್ಟು ಎರಡೇ ಪ್ರಶ್ನೆ ಹಿಡಿದುಕೊಳ್ಳಿ. ಒಂದು ಕೇಬಲ್ ಅಥವಾ ಒಂದು ಡಬ್ಬ ಕೆಟ್ಟರೆ ಎಷ್ಟು ಜನರ ಕೆಲಸ ನಿಲ್ಲುತ್ತದೆ? ಜುಲೈ ತಿಂಗಳ ಮಳೆಯಲ್ಲಿ ಕೆಟ್ಟದ್ದು ಎಲ್ಲಿ ಅಂತ ಹುಡುಕಲು ಎಷ್ಟು ಹೊತ್ತು ಬೇಕು? ಸ್ಪೀಡಿನ ಮಾತು ಆಮೇಲೆ. ಬಿಲ್ಲಿಂಗ್, ಟ್ಯಾಲಿ, ಪ್ರಿಂಟರ್, ನಾಲ್ಕಾರು ಕ್ಯಾಮೆರಾ ಇರುವ ಆಫೀಸಿಗೆ 1 ಜಿಬಿಪಿಎಸ್, ಅಂದರೆ 1,000 ಎಂಬಿಪಿಎಸ್ ಸ್ಪೀಡ್, ಧಾರಾಳವಾಯಿತು.

ಬಸ್: ಬೇಗ ಮುಗಿಸೋಣ

ಗೋಡೆಯುದ್ದಕ್ಕೂ ಒಂದೇ ಕೋಆಕ್ಸಿಯಲ್ ಕೇಬಲ್, ಅದಕ್ಕೆ ಅಲ್ಲಲ್ಲಿ ಕಚ್ಚಿಕೊಂಡ ಕಂಪ್ಯೂಟರ್‌ಗಳು. ಇದು ಬಸ್. ತೆಳು ಕೋಆಕ್ಸಿನ 10ಬೇಸ್2 ಕಾಲದಲ್ಲಿ ಒಂದು ತುಂಡು ಕೇಬಲ್ 185 ಮೀಟರ್ ದಾಟುವಂತಿರಲಿಲ್ಲ, ಅದರಲ್ಲಿ 30ಕ್ಕಿಂತ ಜಾಸ್ತಿ ಯಂತ್ರ ಇರುವಂತಿರಲಿಲ್ಲ, ಎರಡೂ ತುದಿಗೆ 50 ಓಮ್ ಟರ್ಮಿನೇಟರ್ ಬೇಕಿತ್ತು. ಇಷ್ಟೆಲ್ಲಾ ಮಾಡಿ ಸಿಗುತ್ತಿದ್ದುದು 10 ಎಂಬಿಪಿಎಸ್, ಅದೂ ಎಲ್ಲರಿಗೂ ಸೇರಿ. ನಡುವಿನ ಒಂದು ಟಿ ಕನೆಕ್ಟರ್ ಸಡಿಲವಾದರೆ ಇಡೀ ಸಾಲು ಬಂದ್. 1990ರಲ್ಲಿ 10ಬೇಸ್-ಟಿ ಬಂದು ತಿರುಚಿದ ಜೋಡಿ ತಂತಿಯ ಕೇಬಲ್ ಹಿಡಿದ ಮೇಲೆ ಆಫೀಸುಗಳಲ್ಲಿ ಬಸ್ಸಿನ ಕಾಲ ಮುಗಿಯಿತು. ಈಗಲೂ ಅದು ಬದುಕಿರುವುದು ಕಾರ್ಖಾನೆಯ ಮೀಟರು, ಸೆನ್ಸರುಗಳ ಆರ್‌ಎಸ್-485 ತಂತಿಯಲ್ಲಿ. ಅಲ್ಲಿ ಅದು ಸರಿಯಾಗಿಯೇ ಉಂಟು. ಕಂಪ್ಯೂಟರಿಗೆ ಬೇಡ.

ಸರಪಳಿ: ಕೇಬಲ್ ಉಳಿಯುತ್ತದೆ, ತಲೆನೋವು ಬೆಳೆಯುತ್ತದೆ

ಸರಪಳಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಕೇಬಲ್ ತುಂಬಾ ಕಡಿಮೆ ಸಾಕು. 12 ಟೇಬಲ್ ಇರುವ ಆಫೀಸು ಅಂತ ಇಟ್ಟುಕೊಳ್ಳಿ. ಪ್ರತಿ ಟೇಬಲ್ಲಿನಿಂದ ಸ್ವಿಚ್ ಇಡುವ ರ‍್ಯಾಕಿಗೆ ಸರಾಸರಿ 25 ಮೀಟರ್ ಎಂದರೆ ಸ್ಟಾರಿಗೆ 300 ಮೀಟರ್, ಅಂದರೆ 305 ಮೀಟರಿನ ಒಂದು ಡಬ್ಬ ಕ್ಯಾಟ್ 6 ಎಂಬ ತಾಮ್ರದ ಕೇಬಲ್ ಪೂರ್ತಿ ಖಾಲಿ. ಅದೇ ಜಾಗದಲ್ಲಿ ಮೂರು ಸಣ್ಣ ಸ್ವಿಚ್ ಇಟ್ಟು ಒಂದಕ್ಕೊಂದು ಎಳೆದರೆ ನೂರು ಮೀಟರಿನೊಳಗೆ ಕೆಲಸ ಮುಗಿದೀತು. ಕೇಸಿಂಗ್ ಕಡಿಮೆ, ಗೋಡೆ ಕೊರೆಯುವುದು ಕಡಿಮೆ, ಕೂಲಿಯೂ ಕಡಿಮೆ. ಕೊಟೇಶನ್ ನೋಡಿದವರಿಗೆ ಇದೇ ಚಂದ ಕಾಣುತ್ತದೆ.

ಖರ್ಚು ಬರುವುದು ಆಮೇಲೆ. ಸರಪಳಿಯ ಮೊದಲ ಸ್ವಿಚ್ ಸತ್ತರೆ ಅದರ ಹಿಂದಿರುವ ಎಲ್ಲರೂ ಹೊರಗೆ. ಸ್ವಿಚ್ ಸಾಯಲು ದೊಡ್ಡ ಕಾರಣವೂ ಬೇಕಿಲ್ಲ. ಪ್ರತಿ ಸಣ್ಣ ಸ್ವಿಚ್ಚಿಗೂ ಅದರದ್ದೇ ಒಂದು ಅಡಾಪ್ಟರ್. ಅದನ್ನು ಹತ್ತಿರ ಕಂಡ ಪ್ಲಗ್ಗಿಗೆ ಸಿಕ್ಕಿಸಿರುತ್ತಾರೆ, ಆ ಪ್ಲಗ್ಗಿಗೆ ಯುಪಿಎಸ್ ಲೈನ್ ಇರುವುದಿಲ್ಲ. ಕರೆಂಟು ಹೋದಾಗ ಕಂಪ್ಯೂಟರ್ ಉರಿಯುತ್ತದೆ, ಸರ್ವರ್ ಉರಿಯುತ್ತದೆ, ನಡುವಿನ ಐನೂರು ರೂಪಾಯಿಯ ಡಬ್ಬ ಮಾತ್ರ ಕಣ್ಣುಮುಚ್ಚುತ್ತದೆ. ಯುಪಿಎಸ್ ಹಾಕಿಸಿದ್ದೂ ದಂಡ. ಮೇಜಿನಡಿಯ ಬೆಚ್ಚಗಿನ ಡಬ್ಬದೊಳಗೆ ಇರುವೆ ಗೂಡು ಕಟ್ಟುವುದೂ ನಮ್ಮಲ್ಲಿ ಹೊಸತಲ್ಲ.

ಇನ್ನೊಂದು ಅಪಾಯ ಲೂಪ್, ಅಂದರೆ ಕೇಬಲ್ ಸುತ್ತಿ ಬಂದು ಹೊರಟಲ್ಲಿಗೇ ಸೇರುವುದು. ಉಡುಪಿ ಕಡೆಯ ಒಂದು ಸೊಸೈಟಿಯ ಶಾಖೆಯಲ್ಲಿ ಬೆಳಿಗ್ಗೆ ಗುಡಿಸುವಾಗ ಮೇಜಿನಡಿ ಒಂದು ಕೇಬಲ್ ತುದಿ ನೇತಾಡುತ್ತಿತ್ತು. ಕಳಚಿ ಬಿದ್ದಿದೆ ಪಾಪ ಅಂತ ಯಾರೋ ಅದನ್ನು ಖಾಲಿ ಪೋರ್ಟಿಗೆ ಸಿಕ್ಕಿಸಿದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ನಾನು ಹೋಗುವಾಗ ಎಲ್ಲ ಸ್ವಿಚ್ಚಿನ ಎಲ್ಲ ಲೈಟುಗಳೂ ಒಂದೇ ತಾಳದಲ್ಲಿ ಪಟಪಟ ಮಿನುಗುತ್ತಿದ್ದವು, ಕೌಂಟರಿನಲ್ಲಿ ಒಂದು ವೋಚರೂ ಹೋಗುತ್ತಿರಲಿಲ್ಲ. ಎಲ್ಲರಿಗೂ ಅಂತ ಕಳಿಸಿದ ಒಂದು ಸಂದೇಶ ಆ ಸುತ್ತಿನಲ್ಲಿ ಸಿಕ್ಕಿಹಾಕಿಕೊಂಡು ಮತ್ತೆ ಮತ್ತೆ ತಿರುಗುತ್ತದೆ, ಪ್ರತಿ ಸುತ್ತಿಗೂ ಎಲ್ಲ ಪೋರ್ಟಿಗೂ ಅದರ ಪ್ರತಿ ಹೋಗುತ್ತದೆ, ಕೊನೆಗೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಇದಕ್ಕೆ ಮದ್ದು ಸ್ಪ್ಯಾನಿಂಗ್ ಟ್ರೀ: ಸುತ್ತು ಕಂಡರೆ ಸ್ವಿಚ್ಚೇ ಒಂದು ಕೊಂಡಿಯನ್ನು ತಡೆಹಿಡಿಯುವ ವ್ಯವಸ್ಥೆ. ಅಮೆರಿಕದ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ್ದು, 1990ರಲ್ಲಿ ಎಂಜಿನಿಯರುಗಳ ಸಂಸ್ಥೆ ಐಇಇಇ ಅದನ್ನು 802.1ಡಿ ಎಂಬ ಸ್ಟ್ಯಾಂಡರ್ಡಿನಲ್ಲಿ ಸೇರಿಸಿತು. ಆದರೆ ಮೇಜಿನಡಿಯ ಅಗ್ಗದ, ಸೆಟ್ಟಿಂಗ್ ಬದಲಿಸಲಾಗದ ಅನ್‌ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಸ್ವಿಚ್ಚುಗಳು ಅಲ್ಲಲ್ಲಿ ಚದುರಿದಷ್ಟೂ ಇಂಥ ಉಪಕಾರ ಮಾಡುವ ಕೈಗಳಿಗೆ ಅವಕಾಶ ಜಾಸ್ತಿ.

ಹಾಗಂತ ಸರಪಳಿ ಎಲ್ಲಿಯೂ ಬೇಡ ಅಂತಲ್ಲ. ನಾಲ್ಕು ದಿನದ ಎಕ್ಸಿಬಿಷನ್ ಸ್ಟಾಲುಗಳಿಗೆ ಧಾರಾಳವಾಗಿ ಮಾಡಿ. ಐಪಿ ಫೋನಿನ ಹಿಂದಿನ ಪೋರ್ಟಿನಿಂದ ಕಂಪ್ಯೂಟರಿಗೆ ಕೊಡುವುದೂ ಒಂದು ಕೊಂಡಿಯ ಸರಪಳಿಯೇ. ಕೆಟ್ಟರೆ ಒಬ್ಬರ ಕೆಲಸ ನಿಲ್ಲುತ್ತದೆ, ಅಷ್ಟೇ. ಅದಕ್ಕೆ ಪರವಾಗಿಲ್ಲ.

ಸ್ಟಾರ್: ಜಾಗ ಆರಿಸುವುದೇ ಮುಕ್ಕಾಲು ಕೆಲಸ

ಸ್ಟಾರಿನಲ್ಲಿ ಒಂದು ಕೇಬಲ್ ಕೆಟ್ಟರೆ ಒಂದು ಟೇಬಲ್ ಮಾತ್ರ ನಿಲ್ಲುತ್ತದೆ. ಯಾವುದು ಅಂತ ಸ್ವಿಚ್ಚಿನ ಲೈಟೇ ಹೇಳುತ್ತದೆ. ಹುಡುಕುವ ಪ್ರಶ್ನೆಯೇ ಇಲ್ಲ. ಬದಲಿಗೆ ನಡುವಿನ ಸ್ವಿಚ್ ಸತ್ತರೆ ಇಡೀ ಆಫೀಸು ನಿಲ್ಲುತ್ತದೆ. ಪುಸ್ತಕಗಳಲ್ಲಿ ಸ್ಟಾರಿನ ದೊಡ್ಡ ದೋಷ ಅಂತ ಇದನ್ನೇ ಬರೆದಿರುತ್ತಾರೆ. ನನಗೆ ಅಷ್ಟು ಹೆದರಿಕೆ ಇಲ್ಲ. ಅದೇ ಅಳತೆಯ ಒಂದು ಸ್ವಿಚ್ ಪೆಟ್ಟಿಗೆಯಲ್ಲಿ ತಂದಿಟ್ಟುಕೊಂಡರೆ ಅರ್ಧ ಗಂಟೆಯ ಮಾತು. ಕೇಬಲ್‌ಗಳಿಗೆ ನಂಬರ್ ಬರೆದಿದ್ದರೆ ಅಕೌಂಟೆಂಟೇ ಬದಲಿಸಬಹುದು.

ಹೆಚ್ಚು ಯೋಚಿಸಬೇಕಾದದ್ದು ಸ್ವಿಚ್ಚಿನ ಜಾಗದ ಬಗ್ಗೆ. ನಮ್ಮಲ್ಲಿ ರ‍್ಯಾಕಿಗೆ ಸಿಗುವುದು ಯಾರಿಗೂ ಬೇಡದ ಮೂಲೆ: ಮೆಟ್ಟಿಲಿನ ಕೆಳಗೆ, ಬಾತ್‌ರೂಮಿನ ಗೋಡೆಗೆ ತಾಗಿ, ಎಸಿಯ ನೀರಿನ ಪೈಪ್ ಇಳಿಯುವಲ್ಲಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ. ಜೂನ್ ಕಳೆಯುವಷ್ಟರಲ್ಲಿ ಹಳೆಯ ಗೋಡೆ ಒದ್ದೆ ಹಿಡಿಯುತ್ತದೆ. ರ‍್ಯಾಕನ್ನು ಹೊರಗೋಡೆಗೆ ಹೊಡೆಸಬೇಡಿ, ಒಳಗೋಡೆಗೆ ಹೊಡೆಸಿ, ಎದೆಯ ಎತ್ತರದಲ್ಲಿರಲಿ. ಕಟ್ಟಡದ ನಡುಭಾಗದಲ್ಲಿದ್ದರೆ ಎಲ್ಲ ಕಡೆಗೂ ಕೇಬಲ್ ಚಿಕ್ಕದಾಗುತ್ತದೆ. ತಾಮ್ರದ ಕೇಬಲ್ಲಿಗೆ 100 ಮೀಟರ್ ಗಡಿ ಇದೆಯಲ್ಲ, ಅದರಲ್ಲಿ 90 ಮೀಟರ್ ಗೋಡೆಯೊಳಗೆ, ಉಳಿದ 10 ಮೀಟರ್ ಎರಡೂ ತುದಿಯ ಪ್ಯಾಚ್ ಕಾರ್ಡು ಎಂಬ ತುಂಡು ಕೇಬಲ್‌ಗಳಿಗೆ. ಮಾಡಿನ ಮೇಲೆ ಹತ್ತಿ ಇಳಿಯುವ ಉದ್ದವೂ ಈ ಲೆಕ್ಕಕ್ಕೆ ಸೇರುತ್ತದೆ, ನೆಲದ ಮೇಲೆ ಹೆಜ್ಜೆ ಹಾಕಿ ಅಳೆದರೆ ಸಾಲದು.

ಕೇಬಲ್ ಯಾವುದು? ಹೊಸದಾಗಿ ಹಾಕಿಸುವುದಾದರೆ ಕ್ಯಾಟ್ 6. 1 ಜಿಬಿಪಿಎಸ್ ಪೂರ್ತಿ 100 ಮೀಟರಿಗೆ ಬರುತ್ತದೆ, 10 ಜಿಬಿಪಿಎಸ್ ಬೇಕಾದರೆ ಸುಮಾರು 55 ಮೀಟರಿನವರೆಗೆ. 100 ಮೀಟರಿಗೂ 10 ಜಿಬಿಪಿಎಸ್ ಬೇಕು ಎನ್ನುವವರಿಗೆ ಕ್ಯಾಟ್ 6ಎ ಉಂಟು, ಆದರೆ ಅದು ದಪ್ಪ, ಹಳೆಯ ಪೈಪಿನೊಳಗೆ ತೂರಿಸುವಾಗ ಎಲೆಕ್ಟ್ರಿಷಿಯನ್ ಬಾಯಲ್ಲಿ ಬರುವ ಮಾತು ಇಲ್ಲಿ ಬರೆಯುವಂಥದ್ದಲ್ಲ. ಒಂದು ವಿಷಯದಲ್ಲಿ ಮಾತ್ರ ಕಡ್ಡಾಯವಾಗಿರಿ: ತಂತಿ ಶುದ್ಧ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಸಿಸಿಎ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಅದರ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕಳಿಸಿ. ಕ್ಯಾಮೆರಾಕ್ಕೆ ಕೇಬಲ್ಲಿನಲ್ಲೇ ಕರೆಂಟ್ ಕೊಡುವಾಗ ಅದು ಬಿಸಿಯಾಗುತ್ತದೆ, ದೂರ ಹೋದಷ್ಟೂ ವೋಲ್ಟೇಜ್ ಬೀಳುತ್ತದೆ.

ಕರೆಂಟಿನ ಮಾತು ಬಂತಲ್ಲ, ಸ್ಟಾರಿನ ಇನ್ನೊಂದು ಲಾಭ ಅದೇ. ಪಿಓಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡುವ) ಸ್ವಿಚ್ ನಡುವೆ ಇಟ್ಟರೆ ಕ್ಯಾಮೆರಾ, ವೈ-ಫೈ ಪಾಯಿಂಟ್, ಫೋನ್ ಎಲ್ಲಕ್ಕೂ ಒಂದೇ ಯುಪಿಎಸ್ ಸಾಕು. ಕೊಳ್ಳುವಾಗ ಒಟ್ಟು ವ್ಯಾಟ್ ನೋಡಿ. 802.3ಎಎಫ್ ಎಂಬ ಪಿಓಇ ಸ್ಟ್ಯಾಂಡರ್ಡಿನ ಪ್ರಕಾರ ಒಂದು ಪೋರ್ಟು 15.4 ವ್ಯಾಟ್‌ವರೆಗೆ ಕೊಡಬಹುದು, 8 ಪೋರ್ಟಿಗೆ 123 ವ್ಯಾಟ್ ದಾಟಿತು. ಡಬ್ಬದ ಮೇಲೆ ಒಟ್ಟು 60 ವ್ಯಾಟ್ ಅಂತ ಬರೆದಿದ್ದರೆ ಎಂಟೂ ಪೋರ್ಟು ಪೂರ್ತಿ ಹೊರೆ ಹೊರುವುದಿಲ್ಲ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಲೈಟ್ ಹತ್ತಿದ ಕೂಡಲೇ ಒಂದೊಂದೇ ಆಫ್ ಆಗುವ ರೋಗಕ್ಕೆ ಎಷ್ಟೋ ಸಲ ಇದೇ ಕಾರಣ.

ಮಲ್ಪೆ, ಬಂದರು, ಪಣಂಬೂರಿನಂಥ ಕಡಲ ಬದಿಯವರಿಗೆ ಇನ್ನೊಂದು ಮಾತು. ಮಂಜುಗಡ್ಡೆ ಪ್ಲಾಂಟಿನ ಆಫೀಸಿನಲ್ಲಿ ಗೋಡೆಯ ಐಓ ಬಾಕ್ಸ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಪೆಟ್ಟಿಗೆ) ಬಿಚ್ಚಿ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಚಿನ್ನದ ಬಣ್ಣದ ಎಂಟು ಪಿನ್ನುಗಳಲ್ಲಿ ಎರಡು ಮೂರು ಹಸಿರು ಹಿಡಿದಿರುತ್ತವೆ. ಉಪ್ಪುಗಾಳಿಯ ಕಿಲುಬು. ನೆಟ್ ಪೂರ್ತಿ ಹೋಗುವುದಿಲ್ಲ, 1,000ದಿಂದ 100 ಎಂಬಿಪಿಎಸ್‌ಗೆ ಇಳಿದು ತೆವಳುತ್ತದೆ. ಏಕೆಂದರೆ ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಸ್ಟಾರಿನಲ್ಲಾದರೆ ಒಬ್ಬರಿಗೆ ನಿಧಾನ. ಸರಪಳಿಯ ಮೊದಲ ಕೊಂಡಿಯಲ್ಲಿ ಹೀಗಾದರೆ ಹಿಂದಿನ ಎಲ್ಲರಿಗೂ ನಿಧಾನ, ಬೈಗುಳ ಇಂಟರ್‌ನೆಟ್ ಕಂಪನಿಗೆ.

ಮಹಡಿ ಜಾಸ್ತಿ ಇದ್ದರೆ, ಕಟ್ಟಡ ಎರಡಿದ್ದರೆ

ಹಂಪನಕಟ್ಟೆಯ ಮೂರು ಮಹಡಿಯ ಆಫೀಸಿಗೆ ಎಲ್ಲ ಕೇಬಲ್ಲನ್ನೂ ನೆಲಮಹಡಿಗೆ ಇಳಿಸುವುದು ಬೇಡ. ಮಹಡಿಗೊಂದು ಸ್ವಿಚ್, ಪ್ರತಿ ಮಹಡಿಯಿಂದ ಮುಖ್ಯ ರ‍್ಯಾಕಿಗೆ ನೇರ ಒಂದು ಲೈನ್. ಇದನ್ನು ಟ್ರೀ ಅಂತಾರೆ, ಸ್ಟಾರುಗಳ ಸ್ಟಾರ್ ಅಂದರೂ ಆಯಿತು. ಇಲ್ಲಿ "ನೇರ" ಎಂಬುದೇ ಮುಖ್ಯ. ಮೂರನೇ ಮಹಡಿಯನ್ನು ಎರಡನೆಯದರಿಂದ, ಎರಡನೆಯದನ್ನು ಒಂದರಿಂದ ಎಳೆದರೆ ಮತ್ತೆ ಸರಪಳಿಯಾಯಿತು. ಎರಡು ಹಂತಕ್ಕೆ ನಿಲ್ಲಿಸಿ: ಮುಖ್ಯ ಸ್ವಿಚ್, ಮಹಡಿಯ ಸ್ವಿಚ್. ಮೂರನೇ ಹಂತ ಬೇಕು ಎನಿಸಿದರೆ ಮಹಡಿಯ ಸ್ವಿಚ್ಚೇ ಸಣ್ಣದಾಗಿದೆ ಅಂತ ಲೆಕ್ಕ. 16ರ ಬದಲು 24 ಪೋರ್ಟಿನದ್ದು ತನ್ನಿ.

ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಲೈನ್ ಫೈಬರೇ ಆಗಲಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. 40 ಮೀಟರ್ ಅಷ್ಟೇ ಅಲ್ವಾ, ಕ್ಯಾಟ್ 6 ಸಾಕು ಎನ್ನುವವರಿದ್ದಾರೆ. ದೂರದ ಲೆಕ್ಕದಲ್ಲಿ ಸಾಕು, ಸಿಡಿಲಿನ ಲೆಕ್ಕದಲ್ಲಿ ಸಾಲದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ, ಆಮೇಲೆ ಅಕ್ಟೋಬರಿನಲ್ಲಿ, ಹತ್ತಿರದ ತೆಂಗಿನ ಮರಕ್ಕೆ ಸಿಡಿಲು ಬಡಿದರೂ ಎರಡು ಕಟ್ಟಡದ ಅರ್ಥಿಂಗ್ ನಡುವೆ ವೋಲ್ಟೇಜಿನ ಅಂತರ ಏರುತ್ತದೆ. ಅದಕ್ಕೆ ಹಾದಿ ಮಾಡಿಕೊಡುವುದು ನೀವು ಎಳೆದ ತಾಮ್ರ. ಎರಡೂ ಬದಿಯ ಸ್ವಿಚ್ ಹೋಗುತ್ತದೆ, ಜೊತೆಗೆ ಕಂಪ್ಯೂಟರಿನ ಪೋರ್ಟುಗಳೂ ಹೋಗಬಹುದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಸಿಂಗಲ್ ಮೋಡ್ ಫೈಬರ್ ಹಾಕಿಸಿ, ನಾಳೆ ದೂರ ಹೆಚ್ಚಾದರೂ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಬಲಕ್ಕೆ ಉಕ್ಕಿನ ಕವಚ ಇರುವ ಫೈಬರ್ ಕೊಂಡರೆ ಆ ಕವಚಕ್ಕೆ ಸರಿಯಾದ ಅರ್ಥಿಂಗ್ ಬೇಕು, ಇಲ್ಲದಿದ್ದರೆ ಮತ್ತೆ ಲೋಹದ ಹಾದಿಯೇ ಆಯಿತು. ಎಸ್‌ಎಫ್‌ಪಿ ಪೋರ್ಟ್ (ಫೈಬರ್ ಜೋಡಿಸುವ ಜಾಗ) ಇರುವ ಸ್ವಿಚ್ ಕೊಂಡರೆ ಫೈಬರನ್ನು ತಾಮ್ರಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್ ಎಂಬ ಇನ್ನೊಂದು ಅಡಾಪ್ಟರಿನ ಡಬ್ಬದ ಖರ್ಚೂ ಉಳಿಯುತ್ತದೆ.

ರಿಂಗ್: ದೊಡ್ಡ ಕಾಂಪೌಂಡಿನವರಿಗೆ

ಬೈಕಂಪಾಡಿಯ ಕಡೆ ಐದಾರು ಶೆಡ್ ಇರುವ ಕಾರ್ಖಾನೆಗೆ ಸ್ಟಾರ್ ಮಾಡಿದರೆ ಪ್ರತಿ ಶೆಡ್ಡಿಗೂ ಬೇರೆ ಬೇರೆ ಫೈಬರ್ ಎಳೆಯಬೇಕು. ರಿಂಗಿನಲ್ಲಿ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋಗುತ್ತಾ ಕೊನೆಗೆ ಹೊರಟಲ್ಲಿಗೇ ಬಂದು ಸೇರುತ್ತದೆ. ಉಡುಪಿಯ ರಥಬೀದಿಯಲ್ಲಿ ಒಂದು ಬದಿಗೆ ಚಪ್ಪರ ಹಾಕಿದ್ದರೆ ಇನ್ನೊಂದು ಬದಿಯಿಂದ ಸುತ್ತಿ ಮಠದ ಬಾಗಿಲಿಗೆ ಹೋಗುತ್ತೇವಲ್ಲ, ಹಾಗೆ. ಒಂದು ಕಡೆ ಫೈಬರ್ ತುಂಡಾದರೂ ಕೆಲಸ ನಿಲ್ಲುವುದಿಲ್ಲ.

ಆದರೆ ರಿಂಗ್ ಅಂದರೆ ಬೇಕೆಂದೇ ಮಾಡಿದ ಲೂಪ್. ಮ್ಯಾನೇಜ್ಡ್ ಸ್ವಿಚ್ ಇಲ್ಲದೆ ಇದನ್ನು ಮುಟ್ಟಲೇಬೇಡಿ. ಒಂದು ಕೊಂಡಿಯನ್ನು ತಡೆಹಿಡಿದು, ಬೇರೆಡೆ ತುಂಡಾದಾಗ ಅದನ್ನು ತೆರೆಯುವ ಕೆಲಸ ಸ್ವಿಚ್ಚಿನದ್ದು. ಹಳೆಯ ಸ್ಪ್ಯಾನಿಂಗ್ ಟ್ರೀ ಇದಕ್ಕೆ 30ರಿಂದ 50 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 2001ರ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಯಂತ್ರ ನಡೆಸುವ ನೆಟ್‌ವರ್ಕ್ ಆದರೆ 50 ಮಿಲಿಸೆಕೆಂಡಿನೊಳಗೆ ದಾರಿ ಬದಲಿಸುವ ವ್ಯವಸ್ಥೆಯಾದ ಇಆರ್‌ಪಿಎಸ್ ಇರುವ ಇಂಡಸ್ಟ್ರಿಯಲ್ ಸ್ವಿಚ್ ಕೇಳಿ. ಕ್ಯಾಮೆರಾ ಮತ್ತು ಆಫೀಸ್ ಕೆಲಸಕ್ಕೆ ಅಷ್ಟೆಲ್ಲಾ ಬೇಡ.

ರಿಂಗಿನ ಹೆಸರಿನಲ್ಲಿ ದುಡ್ಡು ದಂಡವಾಗುವ ಜಾಗ ಒಂದಿದೆ. ಹೋಗುವ ಫೈಬರ್, ಬರುವ ಫೈಬರ್ ಎರಡನ್ನೂ ಒಂದೇ ಗುಂಡಿಯಲ್ಲಿ ಹೂಳುತ್ತಾರೆ. ಚಿತ್ರದಲ್ಲಿ ಅದು ರಿಂಗ್. ಚರಂಡಿ ತೆಗೆಯಲು ಬಂದ ಜೆಸಿಬಿಗೆ ಅದು ಒಂದೇ ಏಟು. ಎರಡು ದಾರಿ ಕಾಂಪೌಂಡಿನ ಎರಡು ಬದಿಯಲ್ಲಿ ಹೋಗಲು ಸಾಧ್ಯವಿಲ್ಲ ಅಂತಾದರೆ ರಿಂಗ್ ಬಿಟ್ಟು ಟ್ರೀ ಮಾಡಿ.

ಮೆಶ್: ಹೆಸರು ದೊಡ್ಡದು

ಎಲ್ಲವೂ ಎಲ್ಲದಕ್ಕೂ ನೇರ ಸೇರಿದ್ದರೆ ಪೂರ್ತಿ ಮೆಶ್. 4 ಸ್ವಿಚ್ಚಿಗೆ 6 ಲೈನ್ ಬೇಕು, 10ಕ್ಕೆ 45. ಆಫೀಸಿನೊಳಗೆ ಇದನ್ನು ಯಾರೂ ಮಾಡುವುದಿಲ್ಲ. ದೊಡ್ಡ ಆಸ್ಪತ್ರೆ, ಕಾಲೇಜುಗಳಲ್ಲಿ ಎರಡು ಮುಖ್ಯ ಸ್ವಿಚ್ ಇಟ್ಟು ಪ್ರತಿ ಬ್ಲಾಕಿನಿಂದ ಎರಡಕ್ಕೂ ಒಂದೊಂದು ಫೈಬರ್ ಕೊಡುತ್ತಾರೆ. ಅಷ್ಟು ಸಾಕು, ಅದು ಒಳ್ಳೆಯ ಖರ್ಚು. ಮಂಗಳೂರು, ಉಡುಪಿ, ಕುಂದಾಪುರ, ಕಾರ್ಕಳ, ಪುತ್ತೂರು ಅಂತ ಶಾಖೆ ಇರುವವರಿಗೂ ಮುಖ್ಯ ಕಚೇರಿಗೆ ಎಲ್ಲ ಶಾಖೆ ಸೇರುವ ಸ್ಟಾರೇ ಸಾಕು, ಆದರೆ ಮುಖ್ಯ ಕಚೇರಿಗೆ ಎರಡು ಬೇರೆ ಕಂಪನಿಯ ಇಂಟರ್‌ನೆಟ್ ಇರಲಿ.

ಅಂಗಡಿಯಲ್ಲಿ "ಮೆಶ್" ಅಂತ ಮಾರುವುದು ವೈ-ಫೈ ಡಬ್ಬಗಳನ್ನು. ಹಂಚಿನ ಹಳೆಯ ಮನೆಯನ್ನು ಆಫೀಸು ಮಾಡಿಕೊಂಡವರು ಇದಕ್ಕೆ ಬೇಗ ಮರುಳಾಗುತ್ತಾರೆ, ಗೋಡೆ ಒಡೆಯುವುದು ಬೇಡ ಅಂತ. ಆ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆಯೇ ವೈ-ಫೈಗೆ ದೊಡ್ಡ ಅಡ್ಡಿ, ಅದರಲ್ಲೂ 5 ಗಿಗಾಹರ್ಟ್ಸ್ ಸಿಗ್ನಲ್ಲಿಗೆ. ಒಂದೇ ರೇಡಿಯೋದಲ್ಲಿ ಹಿಂದಕ್ಕೂ ಮುಂದಕ್ಕೂ ಮಾತಾಡುವ ಡಬ್ಬವಾದರೆ ಪ್ರತಿ ಜಿಗಿತಕ್ಕೆ ಸ್ಪೀಡ್ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದೇ ಡಬ್ಬಗಳಿಗೆ ಹಿಂದಿನಿಂದ ಕೇಬಲ್ ಕೊಡಿ, ಚೆನ್ನಾಗಿ ಓಡುತ್ತವೆ. ಹಂಚಿನ ಮನೆಯಲ್ಲಿ ಮಾಡಿನ ಪಕ್ಕಾಸಿನ ಬದಿಯಲ್ಲೇ ಕೇಬಲ್ ಎಳೆಯಬಹುದು, ಗೋಡೆ ಮುಟ್ಟಬೇಕಾಗಿಲ್ಲ. ಇಲಿಯ ಕಾಟ ಇರುವುದರಿಂದ ಪಿವಿಸಿ ಪೈಪಿನೊಳಗೆ ಹೋಗಲಿ.

ಕೊನೆಗೆ ನಿಮಗೆ ಯಾವುದು?

ಒಂದೇ ಕೋಣೆಯ ಅಂಗಡಿಗೆ 8 ಪೋರ್ಟಿನ ಒಂದು ಸ್ವಿಚ್, ಸುಮ್ನೆ ಹೆಚ್ಚು ಯೋಚಿಸಬೇಡಿ. ಕ್ಲಿನಿಕ್, ಸಿಎ ಆಫೀಸು, ಸೊಸೈಟಿಯ ಶಾಖೆಗೆ ರ‍್ಯಾಕ್, ಕೇಬಲ್ ತುದಿಗಳೆಲ್ಲ ಸೇರುವ ಪ್ಯಾಚ್ ಪ್ಯಾನಲ್, ಯುಪಿಎಸ್ ಇರುವ ಸರಿಯಾದ ಸ್ಟಾರ್. ಲಾಡ್ಜಿಗೆ ಮಹಡಿಗೊಂದು ಪಿಓಇ ಸ್ವಿಚ್ ಇಟ್ಟು ಟ್ರೀ. ಗೇರುಬೀಜದ ಕಾರ್ಖಾನೆಗೆ ಫೈಬರಿನ ಟ್ರೀ, ಎರಡು ದಾರಿ ಸಿಕ್ಕಿದರೆ ರಿಂಗ್. ಹುರಿಯುವ, ಸುಲಿಯುವ ಕಡೆ ಸ್ವಿಚ್ಚನ್ನು ಧೂಳು ಹೋಗದ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಈಗಾಗಲೇ ಸರಪಳಿ ಇರುವವರು ಎಲ್ಲವನ್ನೂ ಕಿತ್ತು ಹಾಕಬೇಕಾಗಿಲ್ಲ. ಸರ್ವರಿಗೆ ಹತ್ತಿರದ ಮೊದಲ ಸ್ವಿಚ್ಚನ್ನು ದೊಡ್ಡದು ಮಾಡಿ, ಉಳಿದ ಪ್ರತಿ ಸ್ವಿಚ್ಚಿಗೂ ಅದರಿಂದ ನೇರ ಲೈನ್ ಎಳೆಸಿ. ಎರಡು ಮೂರು ಕೇಬಲ್ಲಿನ ಕೆಲಸದಲ್ಲಿ ಸರಪಳಿ ಟ್ರೀ ಆಗುತ್ತದೆ. ಸ್ವಿಚ್ಚಿನ ಅಡಾಪ್ಟರುಗಳನ್ನೂ ಅದೇ ದಿನ ಯುಪಿಎಸ್ ಲೈನಿಗೆ ಹಾಕಿಸಿ.

ಕೊಟೇಶನ್ ಬಂದಾಗ ಸ್ವಿಚ್ಚಿನ ಬ್ರ್ಯಾಂಡಿಗಿಂತ ಮೊದಲು ಒಂದು ನಕ್ಷೆ ಕೇಳಿ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ, ಯಾವ ಪೈಪಿನಲ್ಲಿ, ಎಷ್ಟು ಮೀಟರ್ ಅಂತ. ಅದನ್ನು ಕೊಡದವರ ಕೆಲಸ ಸರಪಳಿಯಾಗಿಯೇ ಮುಗಿಯುತ್ತದೆ. ಕೊನೆಯ ಕಂತು ಕೊಡುವ ಮೊದಲು ಅವರ ಎದುರೇ ನಿಮಗೆ ಬೇಕಾದ ಒಂದು ಕೇಬಲ್ ಕಿತ್ತು ನೋಡಿ, ಯಾರ ಟೇಬಲ್ ನಿಂತಿತು ಅಂತ ನಕ್ಷೆಗೆ ತಾಳೆ ಹಾಕಿ. ಆ ನಕ್ಷೆಯ ಒಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ರ‍್ಯಾಕಿನ ಬಾಗಿಲಿನ ಒಳಬದಿಗೆ ಅಂಟಿಸಿರಲಿ. ಹೊರಗಡೆ ಗುಂಡಿ ತೋಡಿ ಫೈಬರ್ ಹೂಳುವ ಕೆಲಸ ಇದ್ದರೆ ಮೇ ನಡುವಿನೊಳಗೆ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ತೋಡಿದ ಗುಂಡಿಯಲ್ಲಿ ಆಳವೂ ಸಿಗುವುದಿಲ್ಲ, ಮತ್ತೆ ಕರೆದರೆ ಕೆಲಸದವರೂ ಸಿಗುವುದಿಲ್ಲ.